ಕಠಿಣ ಪದಗಳೂ ತಾಯಿಯ ಮಾತೂ

ಶನಿವಾರ ಬೆಳಿಗ್ಗೆ ನಮ್ಮ ಸಂಘದ ಸದಸ್ಯರ ಮನೆಗಳಿಗೆ ಹೋದರೆ ಅಡಿಗೆಮನೆಯ ಮೇಜಿನ ಮೇಲೆ ಪದಗಳ ಪಟ್ಟಿಯೊಂದು ಕಾಣಸಿಗುವುದುಂಟು. ಇಲೆವೆನ್ ಪ್ಲಸ್ ಪರೀಕ್ಷೆಗೆ ಕೂರಲಿರುವ ಮಗು ಒಂದು ಕಡೆ ಇಂಗ್ಲಿಷಿನ ಕಠಿಣ ಪದ, ಇನ್ನೊಂದು ಕಡೆ ಅದರ ಅರ್ಥ ಇಟ್ಟುಕೊಂಡು ಮಗ್ಗಿಯಂತೆ ಒಪ್ಪಿಸುತ್ತಿರುತ್ತದೆ. ನಾವೂ ಹೀಗೆಯೇ ಕಲಿತವರು. ಊರಿನಲ್ಲಿದ್ದಾಗ ದಿನಕ್ಕೆ ಹತ್ತು ಪದದಂತೆ ನೋಟುಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದ್ದೆವು.

ಅದರ ಫಲವನ್ನು ಇಂಗ್ಲೆಂಡಿಗೆ ಬಂದ ಮೊದಲ ವರ್ಷವೇ ಉಂಡೆವು. ಪ್ರಯೋಗಾಲಯದ ಹಿರಿಯರೊಬ್ಬರ ಬೀಳ್ಕೊಡುಗೆಯಲ್ಲಿ ಎದ್ದು ನಿಂತು, ಅವರಿಗೆ ನಮ್ಮ 'ಫುಲ್ಸಮ್' ಹೊಗಳಿಕೆ ಸಲ್ಲಿಸುತ್ತೇವೆ ಎಂದುಬಿಟ್ಟೆವು. ನಮ್ಮ ನೋಟುಬುಕ್ಕಿನಲ್ಲಿ ಆ ಪದದ ಮುಂದೆ 'ಧಾರಾಳ' ಎಂದಷ್ಟೇ ಇತ್ತು. ಮಧ್ಯಯುಗದ ಇಂಗ್ಲಿಷಿನಲ್ಲಿ ಅದು ಸರಿಯೇ. ಆದರೆ ಕಾಲಕ್ರಮದಲ್ಲಿ ಆ ಪದಕ್ಕೆ, ಅದರಲ್ಲೂ ಹೊಗಳಿಕೆಯ ಜೊತೆಗೆ ಬಂದಾಗ, ಬೆಣ್ಣೆ ಹಚ್ಚುವುದು ಎಂಬ ಅರ್ಥ ಅಂಟಿಕೊಂಡಿದೆ. ಹಿರಿಯರು ನಕ್ಕರು, ನಾವು ಏಕೆಂದು ತಿಳಿಯದೆ ನಕ್ಕೆವು. ಮನೆಗೆ ಬಂದು ನಿಘಂಟು ತೆರೆದ ಮೇಲೆ ನಗು ನಿಂತಿತು.

ಅಂದಿನಿಂದ, ಕಠಿಣ ಪದಗಳ ಪಟ್ಟಿ ಎಂಬುದು ಎಲ್ಲಿಂದ ಬಂತೆಂದು ಹುಡುಕುವ ಚಟ ನಮಗೆ ಹತ್ತಿತು.

ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಬರೆಯಹೊರಟ ವಿದ್ವಾಂಸರು ಲ್ಯಾಟಿನ್, ಗ್ರೀಕ್ ಮತ್ತು ಫ್ರೆಂಚಿನಿಂದ ಪದಗಳನ್ನು ಸಾವಿರಗಟ್ಟಲೆ ತಂದರು. ಇದನ್ನು ಒಪ್ಪದವರು ಅವುಗಳನ್ನು ಮಸಿಕುಡಿಕೆಯ ಪದಗಳೆಂದು ಹಾಸ್ಯಮಾಡಿದರು. ಅಂತಹವರಲ್ಲಿ ಒಬ್ಬನಾದ ಥಾಮಸ್ ವಿಲ್ಸನ್, 1553ರಲ್ಲಿ ಪ್ರಕಟವಾದ ತನ್ನ ಅಲಂಕಾರಶಾಸ್ತ್ರದ ಗ್ರಂಥದಲ್ಲಿ, ಕೆಲವರು ತಾಯಿಯ ಭಾಷೆಯನ್ನೇ ಮರೆತಿದ್ದಾರೆ, ಅವರ ತಾಯಂದಿರು ಬದುಕಿದ್ದರೆ ಮಕ್ಕಳ ಮಾತು ಅವರಿಗೇ ತಿಳಿಯುತ್ತಿರಲಿಲ್ಲ ಎಂಬರ್ಥದ ಮಾತು ಆಡಿದ್ದಾನೆ.

ಸುಮಾರು ಐವತ್ತು ವರ್ಷಗಳ ಮೇಲೆ, 1604ರಲ್ಲಿ, ರಾಬರ್ಟ್ ಕಾಡ್ರಿ ಎಂಬಾತ ಲಂಡನ್ನಿನಲ್ಲಿ ಒಂದು ಸಣ್ಣ ಪುಸ್ತಕ ಅಚ್ಚುಹಾಕಿಸಿದ. ಈತ ರಟ್‌ಲಂಡ್ ಪ್ರಾಂತದ ಓಕಮ್‌ನಲ್ಲಿ ಉಪಾಧ್ಯಾಯನಾಗಿದ್ದು, ಆಮೇಲೆ ಪಾದ್ರಿಯಾಗಿ, ಚರ್ಚಿನ ಅಧಿಕಾರಿಗಳೊಡನೆ ತಕರಾರಾಗಿ ಕೆಲಸ ಕಳೆದುಕೊಂಡವನು. ಸುಮಾರು 2,500 ಕಠಿಣ ಪದಗಳು ಅಕಾರಾದಿಯಾಗಿ, ಸುಲಭ ಇಂಗ್ಲಿಷಿನ ಅರ್ಥದೊಡನೆ ಅದರಲ್ಲಿವೆ. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟೆಂದು ಇದನ್ನು ಎಣಿಸುತ್ತಾರೆ. ಆ ಮುದ್ರಣದ ಒಂದೇ ಒಂದು ಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ.

ಪುಸ್ತಕ ಯಾರಿಗಾಗಿ ಎಂಬುದನ್ನು ಕಾಡ್ರಿ ಮೊದಲ ಪುಟದಲ್ಲೇ ಹೇಳಿದ್ದಾನೆ: ಕುಲೀನ ಸ್ತ್ರೀಯರಿಗೆ ಮತ್ತು ಹೆಚ್ಚು ಓದಿಲ್ಲದ ಇತರರಿಗೆ. ಅಂದರೆ ಲ್ಯಾಟಿನ್ ಶಾಲೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ. ಹೊಸ್ತಿಲಾಚೆ ನಿಂತವರಿಗಾಗಿ ಹುಟ್ಟಿದ ಪುಸ್ತಕ ಇದು. ಪರದೇಶಕ್ಕೆ ಬಂದ ನಮಗೆ ಆ ಓದುಗರು ದೂರದ ನೆಂಟರಂತೆ ತೋರಿದರೆ ಆಶ್ಚರ್ಯವಿಲ್ಲ. ಇನ್ನೂ ಸ್ವಾರಸ್ಯವೆಂದರೆ, ವಿಲ್ಸನ್ ಹೇಳಿದ ತಾಯಿಯ ಮಾತನ್ನು ಕಾಡ್ರಿ ತನ್ನ ಮುನ್ನುಡಿಯಲ್ಲಿ ಎತ್ತಿಕೊಂಡಿದ್ದಾನೆ. ಕಠಿಣ ಪದ ಕಲಿಸುವ ಮೊದಲ ಪುಸ್ತಕವೇ, ತಾಯಿಗೆ ತಿಳಿಯದಂತೆ ಮಾತಾಡಬೇಡಿ ಎಂದು ಎಚ್ಚರಿಸಿತು!

ಮುಂದೆ ಬಂದವರೆಲ್ಲ ಈ ಎಚ್ಚರಿಕೆ ಪಾಲಿಸಲಿಲ್ಲ. 1623ರಲ್ಲಿ ಹೆನ್ರಿ ಕಾಕರಮ್ ತನ್ನ ನಿಘಂಟಿನ ಒಂದು ಭಾಗವನ್ನು ತಿರುವುಮುರುವು ಮಾಡಿದ: ಎಡಕ್ಕೆ ಸಾಮಾನ್ಯ ಪದ, ಬಲಕ್ಕೆ ಅದರ ಬದಲು ಹೇಳಬಹುದಾದ ಭಾರೀ ಪದ. ಬರಿಯ ಪಟ್ಟಿಯಿಂದ ಮಾತಿಗೆ ಜರತಾರಿ ಹೊಲಿಯುವ ನಮ್ಮ ಬೀಳ್ಕೊಡುಗೆ ಭಾಷಣದ ಮೂಲ ಇಲ್ಲಿದೆ.

ಇದಕ್ಕೆ ಮದ್ದು ಕೊಟ್ಟವರಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಪ್ರಮುಖರು. 1755ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 42,000 ಪದಗಳಿದ್ದರೆ, ಅವುಗಳ ಬಳಕೆ ತೋರಿಸಲು ಗ್ರಂಥಗಳಿಂದ ಆರಿಸಿದ ಉದಾಹರಣೆಗಳು ಒಂದು ಲಕ್ಷಕ್ಕೂ ಹೆಚ್ಚು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಇದೇ ದಾರಿಯನ್ನು ಹೆದ್ದಾರಿ ಮಾಡಿತು. 1884ರಲ್ಲಿ ಮೊದಲ ಸಂಚಿಕೆ ಬಂದು 1928ರಲ್ಲಿ ಮುಗಿದ ಆ ಕಾರ್ಯಕ್ಕೆ ಸ್ವಯಂಸೇವಕರು ಕಳಿಸುತ್ತಿದ್ದುದು ಪದವನ್ನು ಬಳಸಿದ ವಾಕ್ಯವನ್ನು ಬರೆದ ಚೀಟಿಗಳನ್ನು. ನಮ್ಮ ಭಾಷೆಗೂ ಈ ಭಾಗ್ಯ ದೊರೆಯಿತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಿಟ್ಟೆಲ್ ಅವರು ಕಾವ್ಯಗಳ ಪ್ರಯೋಗಗಳನ್ನೂ ಜನರ ಗಾದೆಗಳನ್ನೂ ಪದಗಳ ಜೊತೆಗೇ ಇಟ್ಟರು.

ರಸಾಯನಶಾಸ್ತ್ರ ಓದಿದ ನಮಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಸೀಸೆಯ ಮೇಲಿನ ಚೀಟಿ ಓದಿದ ಮಾತ್ರಕ್ಕೆ ಒಳಗಿರುವ ವಸ್ತುವಿನ ಗುಣ ತಿಳಿಯದು; ಅದನ್ನು ಬೇರೊಂದರೊಡನೆ ಬೆರೆಸಿ ನೋಡಬೇಕು. ಪದವೂ ಹಾಗೆಯೇ.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ವಾರಕ್ಕೆ ಮೂರೇ ಪದ. ಮಗಳು ಪ್ರತಿ ಪದಕ್ಕೂ ತನ್ನದೇ ಒಂದು ವಾಕ್ಯ ಬರೆಯಬೇಕು, ಭಾನುವಾರ ಅಜ್ಜಿಗೆ ಫೋನಿನಲ್ಲಿ ಅದನ್ನು ಕನ್ನಡದಲ್ಲಿ ಹೇಳಬೇಕು. ಹೋದ ತಿಂಗಳು 'ರಿಲಕ್ಟೆಂಟ್' ಎಂಬ ಪದ ಬಂತು. ಅವಳು, "ಅಜ್ಜಿ, ಅದು ಬೇಡ ಅಂತ ಅಲ್ಲ, ಬೇಕು ಅಂತಾನೂ ಅಲ್ಲ..." ಎಂದು ತಡವರಿಸಿದಳು.

"ಮನಸ್ಸಿಲ್ಲದ ಮನಸ್ಸಿನಿಂದ ಅನ್ನು ಪುಟ್ಟಿ. ನಿಮ್ಮಪ್ಪ ಹಾಗಲಕಾಯಿ ಗೊಜ್ಜು ತಿಂತಿದ್ದ ಹಾಗೆ!" ಎಂದರು ನಮ್ಮ ತಾಯಿ.

ಆ ಪದ ಮಗಳಿಗೆ ಇನ್ನು ಮರೆಯದು. ನಮಗೂ ಎಷ್ಟೋ ವರ್ಷದ ಮೇಲೆ ಆ ಕನ್ನಡದ ಮಾತು ಕಿವಿಗೆ ಬಿತ್ತು. ಸದಸ್ಯರು ತಮ್ಮ ಮನೆಯ ಇಂತಹ ಅನುಭವಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಓದಿ ಸಂತೋಷಪಡಬಹುದು.