ಬೆಲ್ಸ್ ಬೀಚ್: ಅಲೆ ಮತ್ತು ಹವಾಮಾನ
ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ, ಟಾರ್ಕೀ ಪಟ್ಟಣದ ಬಳಿ ಇರುವ ತಣ್ಣೀರಿನ ಸರ್ಫಿಂಗ್ ತಾಣ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಿಂದ ಕಾರಿನಲ್ಲಿ ಸುಮಾರು 2 ಗಂಟೆಯ ದಾರಿ. ದಕ್ಷಿಣ ಮಹಾಸಾಗರದ ಬಿರುಗಾಳಿಗಳು ಎಬ್ಬಿಸುವ ಉಬ್ಬಲೆಗಳು ನೈಋತ್ಯದಿಂದ ಬಂದು, ಇಲ್ಲಿನ ಬಂಡೆಹಾಸಿನ ಮೇಲೆ ಸವಾರನ ಬಲಕ್ಕೆ ಉದ್ದವಾಗಿ ಒಡೆಯುತ್ತವೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರವನ್ನಷ್ಟೇ ನೋಡಿ ಹೊರಡುವುದು ತಪ್ಪು. ಎರಡು ಅಲೆಗಳ ನಡುವಿನ ಅವಧಿಯೇ ಮುಖ್ಯ: ಅಷ್ಟೇ ಎತ್ತರದ ಅಲೆ 8 ಸೆಕೆಂಡಿಗೊಂದರಂತೆ ಬಂದರೆ ಕಸುವಿಲ್ಲ, 14 ಸೆಕೆಂಡಿಗೊಂದರಂತೆ ಬಂದರೆ ಗೋಡೆಯಂತೆ ಏಳುತ್ತದೆ. ನೆಲದ ಕಡೆಯಿಂದ ಬೀಸುವ ವಾಯವ್ಯ ಗಾಳಿ ಅಲೆಯ ಮೈಯನ್ನು ನುಣುಪಾಗಿಸುತ್ತದೆ. ಬೇಸಿಗೆ ಮಧ್ಯಾಹ್ನದ ಕಡಲಗಾಳಿ ಅದನ್ನು ಕೆಡಿಸುತ್ತದೆ. ಜೂನ್–ಆಗಸ್ಟ್ ಚಳಿಗಾಲದಲ್ಲಿ ನೀರಿನ ಉಷ್ಣತೆ 13–14 ಡಿಗ್ರಿ ಸೆಲ್ಸಿಯಸ್. ಮಲ್ಪೆಯ ಬೆಚ್ಚನೆಯ ಕಡಲಿಗೆ ಒಗ್ಗಿದವರು ದಪ್ಪ ವೆಟ್‌ಸೂಟ್ ಇಲ್ಲದೆ ಇಳಿಯಲೇಬಾರದು. 1973ರಿಂದ ಇಲ್ಲಿ ರಿಪ್ ಕರ್ಲ್ ವೃತ್ತಿಪರ ಸರ್ಫಿಂಗ್ ಸ್ಪರ್ಧೆ ನಡೆಯುತ್ತಿದೆ; 1981ರ ಭಾರೀ ಅಲೆಗಳಲ್ಲಿ ಸರ್ಫರ್ ಸೈಮನ್ ಆಂಡರ್ಸನ್ ತಮ್ಮ ಮೂರು ರೆಕ್ಕೆಯ ಹಲಗೆಯ ಮೇಲೆ ಗೆದ್ದರು.