ಹಳೆಯ ಕಾರಿಗೆ ಬೇರೆ ಎಂಜಿನ್

ಇಬ್ಬರ ತಲೆಗಳು ಅದಲುಬದಲಾದಾಗ ಹೆಣ್ಣಿನ ಗಂಡನಾರು ಎಂದು ಬೇತಾಳ ವಿಕ್ರಮನನ್ನು ಕೇಳಿದ ಕಥೆ ನಮಗೆಲ್ಲ ಗೊತ್ತು. ಅಂಗಗಳಲ್ಲಿ ಶಿರಸ್ಸೇ ಶ್ರೇಷ್ಠ, ಗಂಡನ ತಲೆಯಿದ್ದವನೇ ಗಂಡ ಎಂದು ರಾಜ ತೀರ್ಪಿತ್ತ. ಆ ತೀರ್ಪಿನಿಂದ ತೊಡಕು ತೀರುವುದಿಲ್ಲವೆಂಬುದನ್ನು ಗಿರೀಶ ಕಾರ್ನಾಡರು 1971ರ ‘ಹಯವದನ’ ನಾಟಕದಲ್ಲಿ ತೋರಿಸಿದರು. ಹಳೆಯ ಕಾರಿನ ಎಂಜಿನ್ ಇಳಿಸಿ ಬೇರೊಂದನ್ನು ಕೂರಿಸಿದಾಗ ಏಳುವ ಪ್ರಶ್ನೆಯೂ ಇದೇ ಜಾತಿಯದು. ಅದು ಮೊದಲಿನ ಕಾರೇ, ಬೇರೆಯೇ? ನಮ್ಮ ಮೋಟಾರು ವಾಹನ ಕಾನೂನು ಈ ಪ್ರಶ್ನೆಗೆ ಕಾಲದಿಂದ ಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಉತ್ತರಗಳ ಚರಿತ್ರೆಯೇ ಈ ಭಾಷಣದ ವಿಷಯ.

ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ವಾಹನಗಳಿಗಾಗಿ 1914ರಲ್ಲಿ ಒಂದು ಕಾನೂನಾಯಿತು. ಅದಕ್ಕಿಂತ ವಿಸ್ತಾರವಾದದ್ದು 1939ರಲ್ಲಿ ಬಂತು. ವಾಹನದ ನೋಂದಣಿಯೆಂದರೆ ಒಂದು ಬಗೆಯ ಜಾತಕ. ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಸಿಲಿಂಡರುಗಳೆಷ್ಟು, ಇಂಧನ ಯಾವುದು, ತೂಕವೆಷ್ಟು, ಬಣ್ಣವೇನು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಮನುಷ್ಯನಿಗೆ ಒಂದೇ ಗುರುತು ಸಾಕಾದರೆ ಕಾರಿಗೆ ಎರಡು ಬೇಕಾದವು: ಒಂದು ಒಡಲಿಗೆ, ಇನ್ನೊಂದು ಎಂಜಿನ್ನಿಗೆ. ಕಳವಾದ ವಾಹನವನ್ನು ಗುರುತಿಸುವುದಕ್ಕೂ ಅಪಘಾತವಾದಾಗ ಹೊಣೆಗಾರರನ್ನು ಹುಡುಕುವುದಕ್ಕೂ ಈ ದಾಖಲೆಯೇ ಆಧಾರ. ಎಂಜಿನ್ ಬದಲಾದ ಕ್ಷಣದಲ್ಲಿ ಆ ಕಾಗದ ಸುಳ್ಳಾಗುತ್ತದೆ. ಕಾನೂನಿನ ಚಿಂತೆ ಆರಂಭವಾದದ್ದು ಇಲ್ಲಿಂದ.

ನಮ್ಮ ನಾಡಿನಲ್ಲಿ ಎಂಜಿನ್ ಬದಲಿಸುವುದು ಷೋಕಿಯವರ ಹವ್ಯಾಸವಾಗಿರದೆ ಬಹುಮಟ್ಟಿಗೆ ಹೊಟ್ಟೆಪಾಡಿನ ಮಾತಾಗಿತ್ತು. ಉತ್ತರಪಾರದ ಕಾರ್ಖಾನೆಯಿಂದ 1957ರಲ್ಲಿ ಹೊರಬಂದ ಅಂಬಾಸಿಡರ್ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ದೊಡ್ಡ ಸಂಸಾರವನ್ನೇ ಹೊರಬಲ್ಲ ಒಡಲು, ಬಾನೆಟ್ಟಿನ ಕೆಳಗೆ ಧಾರಾಳ ಜಾಗ. 1973ರ ಅರಬ್-ಇಸ್ರೇಲ್ ಯುದ್ಧದ ತರುವಾಯ ತೈಲದ ಬೆಲೆ ಏರಿತು. ಪೆಟ್ರೋಲಿಗಿಂತ ಡೀಸೆಲ್ ಅಗ್ಗವಾಗಿದ್ದ ಆ ದಿನಗಳಲ್ಲಿ ಬಾಡಿಗೆ ಕಾರಿನ ಮಾಲೀಕರು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸತೊಡಗಿದರು. ಅದನ್ನು ಹೊಂದಿಸಿ ಕೂರಿಸುವ ಮೇಸ್ತ್ರಿಯ ಕೈಚಳಕ ಯಾವ ಪುಸ್ತಕದಲ್ಲೂ ಬರೆದಿರದ ವಿದ್ಯೆ.

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ಈ ವಿದ್ಯೆಗೆ ಎಡೆಯಿಟ್ಟಿತ್ತು. ನೋಂದಣಿ ಪತ್ರದ ವಿವರಗಳು ತಪ್ಪಾಗುವಂಥ ಮಾರ್ಪಾಟು ಮಾಡಬೇಕೆಂದರೆ ಮಾಲೀಕನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಅಧಿಕಾರಿ ಏಳು ದಿನಗಳೊಳಗೆ ಉತ್ತರ ಕಳುಹಬೇಕು. ಮಾಲೀಕನಿಗೆ ಉತ್ತರ ಬಾರದಿದ್ದರೆ ಒಪ್ಪಿಗೆ ದೊರೆತಂತೆಯೇ. ಸರಕಾರದ ಮೌನವನ್ನು ಪ್ರಜೆಯ ಪರವಾಗಿ ಎಣಿಸುವ ಇಂಥ ಔದಾರ್ಯ ನಮ್ಮ ಕಾನೂನುಗಳಲ್ಲಿ ಅಪರೂಪ. ಕಾಗದ ಯಂತ್ರಕ್ಕೆ ನಿಜವಾಗಿರಲಿ ಎಂಬುದಷ್ಟೇ ಆಗಿನ ಅಪೇಕ್ಷೆ.

2000ದ ತಿದ್ದುಪಡಿ ಈ ಕಲಮನ್ನೇ ಬದಲಿಸಿತು. ವಾಹನದ ವಿವರಗಳು ತಯಾರಕನು ಮೂಲತಃ ಹೇಳಿದ್ದಕ್ಕೆ ಭಿನ್ನವಾಗುವಂತೆ ಯಾವ ಮಾಲೀಕನೂ ಮಾರ್ಪಾಟು ಮಾಡತಕ್ಕದ್ದಲ್ಲ ಎಂಬುದು ಹೊಸ ವಿಧಿ. ಹಿಂದೆ ಅಳತೆಗೋಲು ನೋಂದಣಿ ಪತ್ರವಾಗಿತ್ತು. ಈಗ ತಯಾರಕನ ಮಾತೇ ಅಳತೆಗೋಲಾಯಿತು. ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟರು. ನೈಸರ್ಗಿಕ ಅನಿಲ, ಬ್ಯಾಟರಿ ಮೊದಲಾದ ಬೇರೆ ಇಂಧನದಿಂದ ಓಡುವಂತೆ ಗೊತ್ತಾದ ಷರತ್ತುಗಳಿಗೆ ಒಳಪಟ್ಟು ಕಿಟ್ ಜೋಡಿಸಬಹುದು. ಅನಿಲದ ಕಿಟ್ಟಿಗೆ ಪುಣೆಯ ಎ.ಆರ್.ಎ.ಐ.ಯಂಥ ಮಾನ್ಯ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ದೆಹಲಿಯ ಬಸ್ಸುಗಳು ಅನಿಲಕ್ಕೆ ತಿರುಗಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿದ್ದು 1998ರಲ್ಲಿ ಎಂಬುದನ್ನು ನೆನೆದರೆ ಈ ಬಾಗಿಲಿನ ಅಗತ್ಯ ಅರ್ಥವಾಗುತ್ತದೆ. ಇನ್ನೊಂದು ಸಣ್ಣ ಕಿಂಡಿಯೂ ಉಂಟು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳವರು ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನು ಪೂರ್ವಾನುಮತಿಯಿಲ್ಲದೆ ಬದಲಿಸಲು ರಾಜ್ಯ ಸರಕಾರ ಅನುಮತಿ ಕೊಡಬಹುದು. ಒಂದೇ ಕಾರಿನ ಮಾಲೀಕನಿಗೆ ಈ ಸವಲತ್ತಿಲ್ಲ.

2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ತಯಾರಕನ ಮೂಲ ವಿವರಕ್ಕೆ ಭಿನ್ನವಾದ ಮಾರ್ಪಾಟು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯಿದೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದೆಂದಿತು.

ಈ ಬಿಗಿಯನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಭಾರವಾದ ಡೀಸೆಲ್ ಎಂಜಿನ್ ಮುಂದಿನ ಸ್ಪ್ರಿಂಗುಗಳ ಮೇಲೆ ಕೂತರೆ, ಬ್ರೇಕು ಹಳೆಯ ತೂಕಕ್ಕೆ ತಕ್ಕುದಾಗಿಯೇ ಉಳಿದಿರುತ್ತದೆ. ಬೀದಿಯಲ್ಲಿ ನಡೆಯುವವನ ಪ್ರಾಣವೂ ಹೊಗೆ ಕುಡಿಯುವ ಮಗುವಿನ ಉಸಿರೂ ಮಾಲೀಕನ ಉಳಿತಾಯಕ್ಕಿಂತ ದೊಡ್ಡವು. ಆದರೆ ತಯಾರಕನೇ ಇಲ್ಲವಾದಾಗ ಏನು? ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ರಸ್ತೆಯಲ್ಲುಳಿದ ಕಾರುಗಳ ಬಿಡಿಭಾಗಗಳು ಸವೆಯುತ್ತಲೇ ಇವೆ. ಮೂಲ ಎಂಜಿನ್ನೇ ದೊರೆಯದಾದಾಗ ಮೂಲಕ್ಕೆ ನಿಷ್ಠವಾಗಿರೆಂಬ ಆಜ್ಞೆ, ಕಾರನ್ನು ಗುಜರಿಗೆ ಹಾಕೆಂಬ ಆಜ್ಞೆಯೂ ಆಗಬಹುದು.

2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ, ಎಂಜಿನ್ನಾಗಲಿ ಒಡಲಾಗಲಿ ಗಣನೀಯವಾಗಿ ಮಾರ್ಪಡದ ವಾಹನಕ್ಕೆ ಈ ಗೌರವ. ಅದರ ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ, ಷೆಡ್ಡಿನಲ್ಲಿ ಸುಖವಾಗಿ ನಿದ್ರಿಸಿದ ಕಾರು ಚರಿತ್ರೆಯ ಸಾಕ್ಷಿಯಾಗುತ್ತದೆ. ಎರಡು ಎಂಜಿನ್ ಸವೆಸಿ, ಮೂರನೆಯದರಿಂದ ಒಂದು ಸಂಸಾರವನ್ನು ಸಾಕಿದ ಬಾಡಿಗೆ ಕಾರಿಗೆ ಆ ಪಂಕ್ತಿಯಲ್ಲಿ ಎಲೆಯಿಲ್ಲ.

ಬದಲಾದ ಎಂಜಿನ್ನೂ ಒಂದು ದಾಖಲೆಯೇ. ತೈಲದ ಬೆಲೆ, ಮೇಸ್ತ್ರಿಯ ಬುದ್ಧಿ, ಮಾಲೀಕನ ಬಡತನ, ಇವೆಲ್ಲ ಅದರಲ್ಲಿ ಅಡಕವಾಗಿವೆ. ಸುರಕ್ಷತೆಯನ್ನು ಪರೀಕ್ಷಿಸುವ ಹಕ್ಕು ಸರಕಾರಕ್ಕಿದೆ, ಇರಲೇಬೇಕು. ಆದರೆ ಬದಲಾದದ್ದೆಲ್ಲ ಅಸಲಿಯಲ್ಲವೆನ್ನುವ ಮುನ್ನ, ಪರೀಕ್ಷೆಗೆ ನಿಂತು ಗೆಲ್ಲಬಲ್ಲ ಒಂದು ಹಳೆಯ ಕಾರಿಗೆ ಆ ಅವಕಾಶವನ್ನಾದರೂ ಕೊಡುವುದು ನ್ಯಾಯ.