ದೊಡ್ಡವ್ವನ ನೋವು ಮತ್ತು 1985ರ ಕಾಯ್ದೆ

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮ ಮಾಕವಳ್ಳಿ ಅಂದ್ರೆ ಕೆ.ಆರ್. ಪೇಟೆ ಕಡೆಯೋರಿಗೆ ಸಕ್ಕರೆ ಕಾರ್ಖಾನೆ ನೆನಪಾಗುತ್ತೆ. ನಮ್ಮ ದೊಡ್ಡವ್ವ ಮೂವತ್ತು ವರ್ಷ ಕಬ್ಬು ಕಡಿದವಳು. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸ. 2009ರಲ್ಲಿ ಬಾಯಿ ಕ್ಯಾನ್ಸರ್ ಅಂದ್ರು. ಕೊನೆಯ ಎರಡು ತಿಂಗಳು ಗಂಜಿನೂ ಇಳೀಲಿಲ್ಲ. ರಾತ್ರಿ ನೋವು ತಡೀಲಾರದೆ ಗೋಡೆಗೆ ತಲೆ ಚಚ್ಚಿಕೊಳ್ಳೋಳು. ಆಸ್ಪತ್ರೆಯಲ್ಲಿ ಕೊಟ್ಟಿದ್ದು ಪ್ಯಾರಾಸಿಟಮಾಲ್ ಮಾತ್ರೆ. ಯಾರೋ ಹೇಳಿದ್ರು ಅಂತ ಮಾರ್ಫಿನ್ ಕೇಳಿದೆ. ‘ಅದಕ್ಕೆ ಲೈಸೆನ್ಸ್ ಬೇಕಪ್ಪ, ನಮ್ಮತ್ರ ಇಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಿ’ ಅಂದ್ರು. ಹೋಗಿಬರೋ ದುಡ್ಡು ನಮ್ಮತ್ರ ಇರಲಿಲ್ಲ.

ನೋವಿನ ಮಾತ್ರೆಗೆ ಲೈಸೆನ್ಸ್ ಯಾಕೆ ಅನ್ನೋದನ್ನ ಆಮೇಲೆ ವರ್ಷಗಟ್ಟಲೆ ಓದಿದೆ. ಗಾಂಜಾದ ಕಥೆಯೂ, ಮಾರ್ಫಿನ್ನಿನ ಕಥೆಯೂ ಒಂದೇ ಕಾಯ್ದೆಯೊಳಗೆ ಬಂದು ಸೇರುತ್ತವೆ.

ನಮ್ಮ ತಾತನ ಕಾಲಕ್ಕೆ ಬಂಗಿಸೊಪ್ಪು ಹಿತ್ತಲ ಗಿಡ. ಎತ್ತು ಮೇವು ಬಿಟ್ಟರೆ ಅರೆದು ಕುಡಿಸೋರು. 1893-94ರಲ್ಲಿ ಬ್ರಿಟಿಷ್ ಸರ್ಕಾರವೇ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಮಾಡಿ ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ತಗೊಂಡಿತು. ಮಿತವಾಗಿ ಬಳಸಿದರೆ ಹೆಚ್ಚಿನ ಕೇಡಿಲ್ಲ, ಪೂರ್ತಿ ನಿಷೇಧ ಬೇಡ ಅಂತ ವರದಿ ಕೊಟ್ಟಿತು. ಅದರ ಅಬಕಾರಿ ವರಮಾನವೂ ಅವರಿಗೆ ಬೇಕಿತ್ತು, ಅದು ಬೇರೆ ಮಾತು.

ಸಂವಿಧಾನ ಸಭೆಯಲ್ಲಿ 1948ರ ನವೆಂಬರಿನಲ್ಲಿ ಪಾನನಿಷೇಧದ ಚರ್ಚೆ ನಡೆದಾಗ ಜೈಪಾಲ್ ಸಿಂಗ್ ಆದಿವಾಸಿಗಳ ಪರವಾಗಿ ಎದ್ದು ವಿರೋಧಿಸಿದರು. ಕೊನೆಗೆ ನಿಂತಿದ್ದು 47ನೇ ವಿಧಿ. ಅದರಲ್ಲಿ ‘ಔಷಧಿಯ ಉದ್ದೇಶ ಬಿಟ್ಟು’ ಅನ್ನೋ ಮಾತಿದೆ. 1961ರ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ, ರಾಜೀವ್ ಗಾಂಧಿ ಕಾಲದ 1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಸೆಕ್ಷನ್ನಿನಲ್ಲೂ ಅದೇ ವಿನಾಯಿತಿ. ಕಾಗದದ ಮೇಲೆ ರೋಗಿಗೆ ಬಾಗಿಲು ಯಾವತ್ತೂ ಮುಚ್ಚಿರಲಿಲ್ಲ.

ಮುಚ್ಚಿದ್ದು ಅದರ ಕೆಳಗಿನ ನಿಯಮಗಳು. ಮಾರ್ಫಿನ್ ತರಿಸೋಕೆ, ಇಟ್ಕೊಳ್ಳೋಕೆ, ಸಾಗಿಸೋಕೆ ಬೇರೆ ಬೇರೆ ಪರವಾನಗಿ. ಒಂದರ ಅವಧಿ ಮುಗಿಯೋ ಹೊತ್ತಿಗೆ ಇನ್ನೊಂದು ಬಂದಿರಲ್ಲ. ಲೆಕ್ಕ ತಪ್ಪಿದರೆ ಜೈಲು ಅಂತ ಡಾಕ್ಟರುಗಳು ಅದರ ಸಹವಾಸವನ್ನೇ ಬಿಟ್ಟರು. 1985ರಲ್ಲಿ 600 ಕೆ.ಜಿ. ಆಸುಪಾಸಿದ್ದ ದೇಶದ ಮಾರ್ಫಿನ್ ಬಳಕೆ 1997ಕ್ಕೆ 18 ಕೆ.ಜಿ.ಗೆ ಇಳಿಯಿತು. ಮಧ್ಯಪ್ರದೇಶ, ರಾಜಸ್ಥಾನದ ಹೊಲಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶದ ಔಷಧಿ ಕಂಪನಿಗಳಿಗೆ ಕಳಿಸೋ ದೇಶದ ಕಥೆ ಇದು. 2014ರಲ್ಲಿ ತಿದ್ದುಪಡಿ ಬಂತು. ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು ಅಂದ್ರು. ದೊಡ್ಡವ್ವ ಹೋಗಿ ಐದು ವರ್ಷ ಆಗಿತ್ತು.

ಈಗ ಗಾಂಜಾ ನೋಡಿ. ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಹೂವಿನ ತುದಿ. ಬರೀ ಎಲೆ, ಬೀಜ ಅದರೊಳಗೆ ಬರಲ್ಲ. ಅದಕ್ಕೇ ಉತ್ತರದಲ್ಲಿ ಸರ್ಕಾರಿ ಲೈಸೆನ್ಸಿನ ಭಂಗ್ ಅಂಗಡಿಗಳಿವೆ. ಭಂಗ್ ಈ ಕಾಯ್ದೆಯಡಿ ನಿಷೇಧಿತ ಅಲ್ಲ ಅಂತ ನಮ್ಮ ಹೈಕೋರ್ಟೂ 2022ರಲ್ಲಿ ಒಬ್ಬರಿಗೆ ಜಾಮೀನು ಕೊಡುವಾಗ ಹೇಳಿತು. ಇದೇ ಎಲೆಗೆ ಆಯುರ್ವೇದದಲ್ಲಿ ವಿಜಯಾ ಅಂತ ಹೆಸರು. 2020ರಲ್ಲಿ ಕೋರಮಂಗಲದಲ್ಲಿ ವಿಜಯಾ ಔಷಧಿ ಬರೆದುಕೊಡೋ ಕ್ಲಿನಿಕ್ಕೇ ತೆರೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ, ಗಾಂಜಾವನ್ನ ಅತಿ ಅಪಾಯದ ಪಟ್ಟಿಯಿಂದ ತೆಗೆಯೋಕೆ ವಿಶ್ವಸಂಸ್ಥೆಯ ಆಯೋಗದಲ್ಲಿ ಮತ ಹಾಕಿದ 27 ದೇಶಗಳಲ್ಲಿ ಭಾರತವೂ ಇತ್ತು. ಕೋರಮಂಗಲದಲ್ಲಿ ವಿಜಯಾ, ನಮ್ಮ ಕೇರಿ ಹುಡುಗನ ಜೇಬಲ್ಲಿ ಸಿಕ್ಕಿದರೆ ಗಾಂಜಾ. ಅದು ಎಲೆಯೋ ಹೂವೋ ಅಂತ ಲ್ಯಾಬ್ ವರದಿ ಬರೋವರೆಗೂ ಅವನು ಒಳಗೆ.

ನಾನು ಗಾಂಜಾ ಪರ ವಕಾಲತ್ತು ಹಾಕ್ತಿಲ್ಲ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ಕೂಗಿದ ಚಳವಳಿಯಿಂದ ಬಂದವನು ನಾನು. ಗಾಂಜಾ ಎಣ್ಣೆಯಿಂದ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋ ವಾಟ್ಸಾಪ್ ಮೆಸೇಜನ್ನೂ ದಯವಿಟ್ಟು ನಂಬಬೇಡಿ. ಕೀಮೋದ ವಾಂತಿಗೆ, ಮಕ್ಕಳ ಕೆಲವು ಬಗೆಯ ಮೂರ್ಛೆರೋಗಕ್ಕೆ ಅದರಿಂದ ತೆಗೆದ ಔಷಧಿಗಳಿವೆ, ಅಷ್ಟು ನಿಜ. ಕ್ಯಾನ್ಸರ್ ನೋವಿಗೆ ಇವತ್ತಿಗೂ ಮೊದಲು ಬೇಕಾಗಿರೋದು ಮಾರ್ಫಿನ್. ಅದು ದುಬಾರಿ ಮಾತ್ರೆಯೂ ಅಲ್ಲ.

ಮಂಡ್ಯ ಜಿಲ್ಲೆಯಲ್ಲಿ ಎಷ್ಟು ಆಸ್ಪತ್ರೆಗೆ 2014ರ ತಿದ್ದುಪಡಿಯ ಮಾನ್ಯತೆ ಸಿಕ್ಕಿದೆ, ಹೋದ ವರ್ಷ ಎಷ್ಟು ಮಾತ್ರೆ ಬಂದಿದೆ, ತಾಲ್ಲೂಕುವಾರು ಲೆಕ್ಕ ಕೊಡಿ ಅಂತ ಆರ್‌ಟಿಐ ಅರ್ಜಿ ಬರೆದಿದ್ದೀನಿ. ಸೋಮವಾರ ಪೋಸ್ಟ್ ಮಾಡ್ತೀನಿ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಗೆಳೆಯರು ನಿಮ್ಮ ತಾಲ್ಲೂಕಿಂದಲೂ ಒಂದೊಂದು ಹಾಕಿ. ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.